ನಾಲ್ಕು ದಿನಕ್ಕೊಂದು ಬ್ಯಾಟರಿ ನುಂಗುತ್ತಿದ್ದ ಪೆಡಲ್

ನನ್ನ ಬಳಿ ಇರುವ ಓವರ್‌ಡ್ರೈವ್ ಪೆಡಲ್ (ಗಿಟಾರಿನ ಸದ್ದನ್ನು ಒರಟಾಗಿಸುವ, ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆ) ಎರಡು ವಾರಗಳಲ್ಲಿ ಮೂರು ಬ್ಯಾಟರಿಗಳನ್ನು ಮುಗಿಸಿದಾಗ ನಾನು ಮೊದಲು ಬೈದದ್ದು ಬ್ಯಾಟರಿಯನ್ನು. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಗಿಟಾರ್ ನುಡಿಸುತ್ತಿರಲಿಲ್ಲ. ನುಡಿಸಿ ಮುಗಿದ ಮೇಲೆ ಕೇಬಲ್ ಕಿತ್ತಿಡುವುದನ್ನೂ ಮರೆಯುತ್ತಿರಲಿಲ್ಲ. ಆದರೂ ನಾಲ್ಕನೆಯ ದಿನ ಎಲ್‌ಇಡಿ ಮಂಕಾಗಿ, ಸ್ವರಗಳ ಕೊನೆ ಕತ್ತರಿಸಿದಂತಾಗಿ, ಹರಿದ ಸ್ಪೀಕರಿನಿಂದ ಬಂದಂತಹ ಸದ್ದು ಹೊರಡುತ್ತಿತ್ತು.

ಕೇಬಲ್ ಕಿತ್ತಿಡುವುದಕ್ಕೆ ಕಾರಣವಿದೆ. ಕಾಲಿನಿಂದ ಒತ್ತುವ ಸ್ವಿಚ್ಚು ಸಿಗ್ನಲ್ಲಿನ ದಾರಿಯನ್ನು ಬದಲಿಸುತ್ತದೆಯೇ ಹೊರತು ವಿದ್ಯುತ್ತನ್ನು ಕಡಿಯುವುದಿಲ್ಲ. ಆ ಕೆಲಸ ಮಾಡುವುದು ಗಿಟಾರಿನ ಕೇಬಲ್ ಚುಚ್ಚುವ ಇನ್‌ಪುಟ್ ಜ್ಯಾಕ್. ಬ್ಯಾಟರಿಯಿಂದ ನಡೆಯುವ ಬಹುತೇಕ ಪೆಡಲ್‌ಗಳಲ್ಲಿ ಅದು ಟಿಪ್ (ತುದಿ), ರಿಂಗ್ (ನಡುವಿನ ಉಂಗುರ), ಸ್ಲೀವ್ (ಬುಡ) ಎಂಬ ಮೂರು ಸಂಪರ್ಕಗಳಿರುವ ಸ್ಟೀರಿಯೋ ಜ್ಯಾಕ್ ಆಗಿದ್ದು, ಬ್ಯಾಟರಿಯ ಕಪ್ಪು ತಂತಿ ಅದರ ರಿಂಗಿಗೆ ಬಂದು ನಿಂತಿರುತ್ತದೆ. ಗಿಟಾರಿನ ಮೊನೊ ಪ್ಲಗ್ ಒಳಗೆ ಹೋದಾಗ ಅದರ ಉದ್ದನೆಯ ಸ್ಲೀವ್ ಜ್ಯಾಕಿನ ರಿಂಗ್ ಮತ್ತು ಸ್ಲೀವ್ ಎರಡನ್ನೂ ಸೇರಿಸುವುದರಿಂದ ಸರ್ಕಿಟ್ ಪೂರ್ಣಗೊಂಡು ಪೆಡಲ್ ಜೀವ ಪಡೆಯುತ್ತದೆ. ಇದೇ ಕಾರಣಕ್ಕೆ, ಯಾರಾದರೂ ಗೊತ್ತಿಲ್ಲದೆ ಸ್ಟೀರಿಯೋ ಕೇಬಲ್ ಚುಚ್ಚಿದರೆ ಬ್ಯಾಟರಿ ಹೊಸದಾಗಿದ್ದರೂ ಪೆಡಲ್ ಸತ್ತಂತೆ ಬಿದ್ದಿರುತ್ತದೆ. ಒಮ್ಮೆ ಈ ತಪ್ಪಿನಿಂದ ನಾನೇ ಒಂದು ಸಂಜೆಯನ್ನು ಕಳೆದುಕೊಂಡಿದ್ದೇನೆ.

ಬ್ಯಾಟರಿಯ ಮೇಲಿನ ಅನುಮಾನವನ್ನು ಮೊದಲು ತೀರಿಸಿಕೊಳ್ಳಬೇಕೆಂದು ಮಲ್ಟಿಮೀಟರ್ ಹಿಡಿದೆ. ಹೊಸ ಆಲ್ಕಲೈನ್ ಬ್ಯಾಟರಿ 9.5 ವೋಲ್ಟ್ ತೋರಿಸಿತು. ಆದರೆ ಭಾರವಿಲ್ಲದೆ, ಅಂದರೆ ಬ್ಯಾಟರಿಯಿಂದ ಪ್ರವಾಹ ಎಳೆಯದೆ, ಅಳೆದ ವೋಲ್ಟೇಜನ್ನು ನಾನು ಪೂರ್ತಿ ನಂಬುವುದಿಲ್ಲ. ದಣಿದ ಬ್ಯಾಟರಿಯ ಆಂತರಿಕ ರೋಧ ಏರಿರುತ್ತದೆ. ಸುಮ್ಮನೆ ಅಳೆದಾಗ ಆರೋಗ್ಯವಾಗಿ ಕಂಡರೂ ಪ್ರವಾಹ ಎಳೆದ ಕೂಡಲೇ ಕುಸಿಯುತ್ತದೆ. ಹಾಗಾಗಿ ಬ್ಯಾಟರಿಯ ಎರಡು ತುದಿಗಳ ನಡುವೆ 1 ಕಿಲೋ ಓಮ್ ರೆಸಿಸ್ಟರ್ ಹಿಡಿದು, ಅಂದರೆ ಸುಮಾರು 9 ಮಿಲಿಆಂಪಿಯರ್ ಭಾರ ಹೊರಿಸಿ, ಮತ್ತೆ ಅಳೆದೆ. ಹೊಸ ಬ್ಯಾಟರಿ ಬಹುತೇಕ ಅಲುಗಾಡಲಿಲ್ಲ. ಡ್ರಾಯರಿನಲ್ಲಿ ಉಳಿದಿದ್ದ ಹಳೆಯದೊಂದು ಮಾತ್ರ 8.6ರಿಂದ ಕೆಲವೇ ಕ್ಷಣಗಳಲ್ಲಿ 7ಕ್ಕಿಂತ ಕೆಳಗಿಳಿಯಿತು. ಹೊಸ ಬ್ಯಾಟರಿ ನಿರಪರಾಧಿ ಎಂಬುದು ಅಲ್ಲಿಗೆ ಖಚಿತವಾಯಿತು.

ಉಳಿದದ್ದು, ಪೆಡಲ್ ಎಷ್ಟು ಪ್ರವಾಹ ಎಳೆಯುತ್ತಿದೆ ಎಂಬ ಪ್ರಶ್ನೆ. ಇದನ್ನು ಅಳೆಯಲು ತಂತಿ ಕತ್ತರಿಸಬೇಕಾಗಿಲ್ಲ. ತಂತಿಗಳನ್ನು ಬ್ಯಾಟರಿಗೆ ಜೋಡಿಸುವ ಕ್ಲಿಪ್ಪಿನ ಒಂದು ಗುಂಡಿಯನ್ನು ಮಾತ್ರ ಬ್ಯಾಟರಿಗೆ ಕೂರಿಸಿ, ಅದೇ ಗುಂಡಿಯ ಸುತ್ತ ಕ್ಲಿಪ್ಪನ್ನು ಅರ್ಧ ಸುತ್ತು ತಿರುಗಿಸಿದರೆ, ಬ್ಯಾಟರಿಯ ಇನ್ನೊಂದು ತುದಿಯೂ ಕ್ಲಿಪ್ಪಿನ ಇನ್ನೊಂದು ಗುಂಡಿಯೂ ಬೇರೆ ಬೇರೆಯಾಗಿ ಕೈಗೆ ಸಿಗುತ್ತವೆ. ಮಲ್ಟಿಮೀಟರನ್ನು ಮಿಲಿಆಂಪಿಯರಿಗೆ ಇಟ್ಟು ಅದರ ಎರಡು ಕಡ್ಡಿಗಳನ್ನು ಆ ಎರಡಕ್ಕೆ ತಾಗಿಸಿದರೆ ಸಾಕು, ಪ್ರವಾಹವೆಲ್ಲ ಮೀಟರಿನ ಮೂಲಕವೇ ಹರಿಯುತ್ತದೆ. ಅಪ್ಪಿತಪ್ಪಿಯೂ ಕಡ್ಡಿಗಳನ್ನು ಬ್ಯಾಟರಿಯ ಎರಡೂ ತುದಿಗಳಿಗೆ ನೇರವಾಗಿ ತಾಗಿಸಬಾರದು. ನಾನು ಹಾಗೆ ಮಾಡಿ ಮೀಟರಿನ ಫ್ಯೂಸ್ ಸುಟ್ಟಿದ್ದುಂಟು.

ಕೇಬಲ್ ಚುಚ್ಚಿದಾಗ 6 ಮಿಲಿಆಂಪಿಯರ್ ಬಂತು. ಓವರ್‌ಡ್ರೈವ್ ಪೆಡಲ್‌ಗೆ ಅದು ಸಹಜ. ಕೇಬಲ್ ಕಿತ್ತೆ, ಮೀಟರ್ ಸೊನ್ನೆಗೆ ಇಳಿಯಬೇಕಿತ್ತು, ಆದರೆ 6ರಲ್ಲಿಯೇ ನಿಂತಿತು. ಇಂತಹ ಬ್ಯಾಟರಿಯ ಸಾಮರ್ಥ್ಯ ಸುಮಾರು 500 ಮಿಲಿಆಂಪಿಯರ್ ಗಂಟೆ; ಅದನ್ನು 6ರಿಂದ ಭಾಗಿಸಿದರೆ 83 ಗಂಟೆ, ಅಂದರೆ ಮೂರೂವರೆ ದಿನ. ದಿನಕ್ಕೊಂದು ಗಂಟೆಯಂತೆ ಎರಡು ತಿಂಗಳಿಗೂ ಮಿಕ್ಕಿ ಬರಬೇಕಾದದ್ದು ನಾಲ್ಕನೆಯ ದಿನಕ್ಕೇ ಏಕೆ ಮುಗಿಯುತ್ತಿತ್ತು ಎಂಬುದಕ್ಕೆ ಲೆಕ್ಕ ಸರಿಹೊಂದಿತು.

ಇಲ್ಲಿ ನಾನು ಅವಸರಪಟ್ಟೆ. ತಳದ ತಗಡನ್ನು ಬಿಚ್ಚಿ ನೋಡಿದಾಗ ಜ್ಯಾಕಿನಲ್ಲಿ ರಿಂಗ್ ಸಂಪರ್ಕದ ಲೋಹದ ಎಲೆ ತುಸು ಬಾಗಿದಂತೆ ಕಂಡಿತು. ಅದೇ ಸ್ಲೀವಿಗೆ ತಾಗುತ್ತಿದೆ ಎಂದು ತೀರ್ಮಾನಿಸಿ, ಬೆಸುಗೆ ಕರಗಿಸಿ, ಹೊಸ ಜ್ಯಾಕ್ ಹಾಕಿ, ತಗಡು ಮುಚ್ಚಿ ಅಳೆದರೆ ಮತ್ತದೇ 6. ಬೇಸರದಿಂದ ತಗಡು ತೆಗೆದು ಅಳೆದೆ: ಸೊನ್ನೆ. ಮುಚ್ಚಿದೆ: 6. ಈ ಪೆಡಲ್‌ನಲ್ಲಿ ಬ್ಯಾಟರಿಗೆ ಪ್ರತ್ಯೇಕ ಬಾಗಿಲಿರುವುದರಿಂದ ತಗಡು ಮುಚ್ಚಿದ ಸ್ಥಿತಿಯಲ್ಲಿಯೂ ಅಳೆಯಲು ಸಾಧ್ಯವಾಯಿತು, ಇಲ್ಲದಿದ್ದರೆ ಈ ಸುಳಿವು ಸಿಗುತ್ತಲೇ ಇರಲಿಲ್ಲ. ದೀಪದ ಕೆಳಗೆ ಹಿಡಿದು ತಂತಿಯನ್ನು ಬೆರಳಿನಿಂದ ಸವರುತ್ತಾ ಹೋದಾಗ ಕಪ್ಪು ತಂತಿಯ ಒಂದು ಕಡೆ ಉಗುರು ಸಿಕ್ಕಿಕೊಂಡಿತು. ಪೆಟ್ಟಿಗೆಯ ಅಂಚಿಗೂ ತಗಡಿಗೂ ನಡುವೆ ಸಿಕ್ಕು ಅದರ ಹೊದಿಕೆ ಸೀಳಿತ್ತು. ಸೀಳಿನಲ್ಲಿ ತಾಮ್ರದ ಒಂದೆರಡು ಎಳೆಗಳು ಮಿನುಗುತ್ತಿದ್ದವು. ಲೋಹದ ಪೆಟ್ಟಿಗೆ ಸರ್ಕಿಟ್ಟಿನ ನೆಲಕ್ಕೆ (ಗ್ರೌಂಡ್), ಅಂದರೆ ಜ್ಯಾಕಿನ ಸ್ಲೀವ್ ಇರುವ ಕಡೆಗೇ, ಸೇರಿರುವುದರಿಂದ, ತಗಡು ಮುಚ್ಚಿದಾಗಲೆಲ್ಲ ಕಪ್ಪು ತಂತಿ ಜ್ಯಾಕಿನ ಅಪ್ಪಣೆಯಿಲ್ಲದೆ ನೇರವಾಗಿ ನೆಲ ಮುಟ್ಟುತ್ತಿತ್ತು. ಕ್ಲಿಪ್ಪನ್ನೇ ಬದಲಿಸಿ, ಹೊಸ ತಂತಿಗಳಿಗೆ ಬಿಸಿಗೆ ಕುಗ್ಗುವ ಕೊಳವೆ ತೊಡಿಸಿ, ಅಂಚಿನಿಂದ ದೂರಕ್ಕೆ ಹಾಯಿಸಿದೆ. ಮೀಟರ್ ಸೊನ್ನೆ ತೋರಿಸಿತು.

ಅಂದಿನಿಂದ ಉಳಿದ ಪೆಡಲ್‌ಗಳನ್ನೂ ಹೀಗೆಯೇ ಅಳೆಯತೊಡಗಿದೆ. ಅಡಾಪ್ಟರಿನಲ್ಲಿ ಚೆನ್ನಾಗಿ ನಡೆದು ಬ್ಯಾಟರಿಯಲ್ಲಿ ಮಾತ್ರ ಸುಮ್ಮನಿರುತ್ತಿದ್ದ ಕೋರಸ್ ಪೆಡಲ್‌ನ ದೋಷ ಅಡಾಪ್ಟರ್ ಜ್ಯಾಕಿನಲ್ಲಿತ್ತು. ನಡುವೆ ಋಣ, ಹೊರಗೆ ಧನ ಇರುವ ಆ ಜ್ಯಾಕಿನೊಳಗೆ ಒಂದು ಪುಟ್ಟ ಎಲೆಯಿದೆ. ಅಡಾಪ್ಟರ್ ಚುಚ್ಚಿದಾಗ ಅದು ಬಿಟ್ಟುಕೊಂಡು ಬ್ಯಾಟರಿಯ ಕೆಂಪು ತಂತಿಯನ್ನು ಬೇರ್ಪಡಿಸುತ್ತದೆ, ಕಿತ್ತಾಗ ಮತ್ತೆ ಸೇರಿಸುತ್ತದೆ. ನನ್ನದರಲ್ಲಿ ಎಲೆ ಕಿಲುಬು ಹಿಡಿದು ಸೇರುತ್ತಿರಲಿಲ್ಲ. ಸಂಪರ್ಕ ಶುಚಿಗೊಳಿಸುವ ದ್ರವ ಸಿಂಪಡಿಸಿ ಪ್ಲಗ್ಗನ್ನು ಹತ್ತಿಪ್ಪತ್ತು ಬಾರಿ ಚುಚ್ಚಿ ತೆಗೆದ ಮೇಲೆ ಸರಿಹೋಯಿತು. ಇದೇ ಎಲೆ ಬಿಡದೆ ಅಂಟಿಕೊಂಡರೆ ಅಪಾಯ ಹೆಚ್ಚು: ಅಡಾಪ್ಟರಿನ ವಿದ್ಯುತ್ತು ಚಾರ್ಜ್ ಮಾಡಬಾರದ ಬ್ಯಾಟರಿಗೆ ನುಗ್ಗಿ ಅದು ಬಿಸಿಯಾಗಬಹುದು, ಸೋರಲೂಬಹುದು. ಸೋರಿದ ಆಲ್ಕಲೈನ್ ಬ್ಯಾಟರಿಯ ಬಿಳಿ ಪುಡಿ ಕ್ಷಾರವಾದ್ದರಿಂದ, ಕೈಗವಸು ತೊಟ್ಟು, ವಿನೆಗರ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಬಳಿಕ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಶುಚಿ ಮಾಡುತ್ತೇನೆ.

ಆಗಾಗ ಕರಕರ ಎಂದು ನಿಂತು ಹೋಗುತ್ತಿದ್ದ ಇನ್ನೊಂದರಲ್ಲಿ ಕ್ಲಿಪ್ಪಿನ ಗುಂಡಿ ಸಡಿಲವಾಗಿತ್ತಷ್ಟೆ. ಮೂತಿ ಇಕ್ಕಳದಿಂದ ಮೆಲ್ಲನೆ ಅದುಮಿದೆ. ಪ್ರತಿಧ್ವನಿ ಕೊಡುವ ಡಿಜಿಟಲ್ ಡಿಲೇ ಪೆಡಲ್‌ನಲ್ಲಿ ದೋಷವೇ ಇರಲಿಲ್ಲ, ಅದರ ಹಸಿವೇ 60 ಮಿಲಿಆಂಪಿಯರಿಗೆ ಮೇಲಿತ್ತು. ಅದನ್ನು ಅಡಾಪ್ಟರಿಗೆ ಬಿಟ್ಟುಕೊಟ್ಟೆ. ಫಜ್ ಪೆಡಲ್ ಒಂದರ ವಿಷಯದಲ್ಲಿ ಮಾತ್ರ ನಾನು ದಣಿದ ಬ್ಯಾಟರಿಯನ್ನು ಎಸೆಯುವುದಿಲ್ಲ. 1 ಮಿಲಿಆಂಪಿಯರನ್ನೂ ಎಳೆಯದ ಆ ಸರಳ ಸರ್ಕಿಟ್ಟಿಗೆ ಡ್ರಾಯರಿನ ಆ ಹಳೆಯ ಬ್ಯಾಟರಿಯನ್ನೇ ಹಾಕಿದ್ದೇನೆ. ವೋಲ್ಟೇಜ್ ಇಳಿದಾಗ ಅದರ ಸದ್ದು ಒರಟಾಗಿ, ಕೊನೆಯಲ್ಲಿ ತುಸು ತೊದಲುತ್ತದೆ, ನನಗೆ ಅದೇ ಇಷ್ಟ. ಓವರ್‌ಡ್ರೈವ್‌ನಿಂದ ತಪ್ಪಿಲ್ಲದೆ ಕಿತ್ತುಹಾಕಿದ್ದ ಜ್ಯಾಕನ್ನು ಈ ಫಜ್ ಪೆಡಲ್‌ನ ಸವೆದ ಇನ್‌ಪುಟ್ ಜ್ಯಾಕಿನ ಜಾಗದಲ್ಲಿ ಬೆಸೆದೆ.