ಅಡಿಕೆ ಅಂಗಳದಲ್ಲಿ ಒಂದು ಸೆಂಟ್ಸ್ ಲಾನ್

ಅಡಿಕೆ ಬೆಳೆಗಾರರ ಮನೆಯಲ್ಲಿ ಅಂಗಳದ ಹುಲ್ಲು ಅಂದರೆ ಕೆತ್ತಿ ಬಿಸಾಡುವ ವಸ್ತು. ಮಳೆ ಬಿಟ್ಟ ಕೂಡಲೇ ಹಾರೆ ಹಿಡಿದು ಹುಲ್ಲು ಕೆರೆದು, ನೆಲ ಪೆಟ್ಟಿ ಗಟ್ಟಿ ಮಾಡಿ, ಸೆಗಣಿ ಸಾರಿಸಿ, ಅಡಿಕೆ ಹರಡುವುದಕ್ಕೆ ತಯಾರು ಮಾಡಬೇಕು. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ಮನೆಯಲ್ಲೂ ಅಜ್ಜನ ಕಾಲದಿಂದ ಇದೇ ಕ್ರಮ. ಹಿತ್ತಿಲಲ್ಲಿ ಪ್ಲಾಸ್ಟಿಕ್ ಶೀಟಿನ ಸೋಲಾರ್ ಗೂಡು ಕಟ್ಟಿದ ಮೇಲೆ ಅಡಿಕೆ ಅಲ್ಲಿಗೆ ಹೋಯಿತು, ಎದುರಿನ ಅಂಗಳ ಖಾಲಿ ಆಯಿತು. ಈಗ ಊರಿಡೀ ಅಂಗಳಕ್ಕೆ ಇಂಟರ್‌ಲಾಕ್ ಅನ್ನುವ ಸಿಮೆಂಟ್ ಇಟ್ಟಿಗೆ ಹಾಕಿಸುವ ಕಾಲ. ಮಾರ್ಚ್ ತಿಂಗಳ ಮಧ್ಯಾಹ್ನ ಇಂಟರ್‌ಲಾಕ್ ಮೇಲೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಟ್ಟವರಿಗೆ ನನಗೆ ಅದು ಯಾಕೆ ಬೇಡ ಅಂತ ಹೇಳಬೇಕಾಗಿಲ್ಲ. ನನಗೆ ಹುಲ್ಲು ಬೇಕಿತ್ತು. ಅಮ್ಮ ಕೇಳಿದ್ದು ಒಂದೇ ಮಾತು: "ಜೀವಮಾನ ಇಡೀ ಕೆತ್ತಿದ ಹುಲ್ಲನ್ನು ಈಗ ದುಡ್ಡು ಕೊಟ್ಟು ತರುವುದಾ?"

ತಂದೆವು. ಒಂದು ಸೆಂಟ್ಸ್ ಜಾಗಕ್ಕೆ, ಅಂದರೆ ಸುಮಾರು 40 ಚದರ ಮೀಟರಿಗೆ. ಇದಕ್ಕಿಂತ ದೊಡ್ಡದು ಮಾಡುವ ಧೈರ್ಯ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಮೊದಲ ಕಷ್ಟ ನೆಲದ್ದು. ನಮ್ಮ ಕಡೆ ಗುಡ್ಡ ಕಡಿದು ಅಂಗಳ ಮಾಡುವುದಲ್ವಾ, ಒಂದು ಗೇಣು ಅಗೆದರೆ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಅದರ ಮೇಲೆ ವರ್ಷ ವರ್ಷ ಪೆಟ್ಟಿ ಸಾರಿಸಿದ ಮಣ್ಣು, ಪಿಕ್ಕಾಸು ಹಾಕಿದರೆ ಟಣ್ ಅನ್ನುತ್ತದೆ. ಆರು ಇಂಚು ಆಳಕ್ಕೆ ಒಡೆಸಿ ಕಲ್ಲು ಹೆಕ್ಕಿಸಿದೆ. ಹುಲ್ಲಿನ ಬೇರು ಜಾಸ್ತಿ ಆಳಕ್ಕೆ ಹೋಗುವುದಿಲ್ಲ, ಆದರೆ ಆ ಆರು ಇಂಚು ಸಡಿಲ ಇಲ್ಲದಿದ್ದರೆ ಮಳೆಗಾಲದಲ್ಲಿ ನೀರು ಕೆಳಗೆ ಇಳಿಯುವುದಿಲ್ಲ, ಬೇಸಿಗೆಯಲ್ಲಿ ಬೇರಿಗೆ ತಂಪು ಸಿಗುವುದಿಲ್ಲ. ಕೃಷಿ ಭವನದ ಮೂಲಕ ಮಣ್ಣು ಪರೀಕ್ಷೆ ಮಾಡಿಸಿದಾಗ ಬಂದದ್ದು ಇಲ್ಲಿನ ಎಲ್ಲರಿಗೂ ಬರುವ ಉತ್ತರವೇ: ಹುಳಿ ಮಣ್ಣು, ಸುಣ್ಣ ಹಾಕಿ. ಅಡಿಕೆಗೆ ಸುಣ್ಣ, ಮೈಲುತುತ್ತ ಬೆರೆಸಿದ ಮದ್ದು ಬಿಡುವ ಮನೆಯಲ್ಲಿ ಸುಣ್ಣಕ್ಕೆ ಬರ ಇಲ್ಲ. ಒಂದು ವಿಷಯ ಮಾತ್ರ ನೆನಪಿಟ್ಟುಕೊಳ್ಳಿ, ಸುಣ್ಣವನ್ನೂ ಹಟ್ಟಿಗೊಬ್ಬರವನ್ನೂ ಒಟ್ಟಿಗೆ ಹಾಕಬಾರದು. ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯ ಆಗಿ ಗಾಳಿಗೆ ಹೋಗುತ್ತದೆ. ಸುಣ್ಣ ಹಾಕಿ, ಎರಡು ಮಳೆ ಕುಡಿಸಿ, ಆಮೇಲೆ ಗೊಬ್ಬರ. ಗೊಬ್ಬರವೂ ಚೆನ್ನಾಗಿ ಕಳಿತು ಪುಡಿಯಾದದ್ದೇ ಆಗಬೇಕು. ಹಸಿ ಗೊಬ್ಬರದಲ್ಲಿ ದನ ತಿಂದ ಊರ ಹುಲ್ಲಿನ ಬೀಜವೆಲ್ಲ ಇರುತ್ತದೆ.

ಇಳಿಜಾರಿಗೆ ನಾನು ಜಾಸ್ತಿ ತಲೆ ಕೆಡಿಸಿಕೊಂಡೆ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಗಳೂರಿನ ಲಾನಿನವರು ನೀರು ಕೊಡುವುದು ಹೇಗೆ ಅಂತ ಯೋಚನೆ ಮಾಡುತ್ತಾರೆ. ಇಲ್ಲಿ ಮೊದಲು ನೀರು ಹೊರಗೆ ಹೋಗುವುದು ಹೇಗೆ ಅಂತ ನೋಡಬೇಕು. ಮೇಸ್ತ್ರಿಗಳ ಟ್ಯೂಬ್ ಲೆವೆಲ್ ಹಿಡಿದು ಹತ್ತಡಿಗೆ ಎರಡು ಇಂಚು ಇಳಿಕೆ ಕೊಟ್ಟೆ, ಮನೆಯ ಪಂಚಾಂಗದಿಂದ, ಅಂದರೆ ಅಡಿಪಾಯದ ಕಟ್ಟೆಯಿಂದ, ಹೊರಮುಖವಾಗಿ. ಮಾಡಿನ ನೀರು ಬೀಳುವ ಗೆರೆಯಲ್ಲಿ ಹುಲ್ಲು ನೆಡಲೇ ಇಲ್ಲ. ಅಲ್ಲಿ ಒಂದಡಿ ಅಗಲಕ್ಕೆ ಜಲ್ಲಿ ಹಾಕಿದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಹಂಚಿನಿಂದ ಧಾರೆ ಬೀಳುವ ಜಾಗದಲ್ಲಿ ಯಾವ ಹುಲ್ಲೂ ನಿಲ್ಲುವುದಿಲ್ಲ.

ಇನ್ನು ಯಾವ ಹುಲ್ಲು? ನರ್ಸರಿಗೆ ಹೋದರೆ ಮೆಕ್ಸಿಕನ್ ಅನ್ನುತ್ತಾರೆ. ನೂಲಿನಷ್ಟು ಸಪುರ ಎಲೆ, ಕಾಲಿಟ್ಟರೆ ಮೆತ್ತಗೆ, ಕಡು ಹಸಿರು. ಆದರೆ ಅದಕ್ಕೆ ಪೂರ್ತಿ ಬಿಸಿಲು ಬೇಕು, ಬೆಳವಣಿಗೆಯೂ ನಿಧಾನ. ಕತ್ತರಿಸದೆ ಬಿಟ್ಟರೆ ಅಲ್ಲಲ್ಲಿ ಬನ್ಸಿನಂತೆ ಉಬ್ಬುತ್ತದೆ. ನಮ್ಮ ಅಂಗಳದ ಅರ್ಧಕ್ಕೆ ಮಾವಿನ ಮರದ ನೆರಳು. ಅಲ್ಲಿಗೆ ಅಗಲ ಎಲೆಯ ಕಾರ್ಪೆಟ್ ಹುಲ್ಲು ಹಾಕಿದೆ. ಕೇರಳದ ನರ್ಸರಿಗಳಲ್ಲಿ ಇದಕ್ಕೆ ಬಫೆಲೋ ಅಂತ ಹೆಸರು. ನೋಡಲು ಒರಟು, ಆದರೆ ನೆರಳಿಗೂ ಹುಳಿ ಮಣ್ಣಿಗೂ ಅದಕ್ಕೆ ಬೇಸರವಿಲ್ಲ. ತಮಾಷೆ ಏನೆಂದರೆ ಇದು ನಮ್ಮ ತೋಟದ ಕಣಿಯ ಬದಿಯಲ್ಲಿ ತಾನಾಗಿ ಬೆಳೆಯುವ ಹುಲ್ಲೇ. ಅದಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ. ಬಿಸಿಲಿನ ಅರ್ಧಕ್ಕೆ ಮಾತ್ರ ಮೆಕ್ಸಿಕನ್ ತರಿಸಿದೆ. ಪಟ ನೋಡಿ ಇಡೀ ಅಂಗಳಕ್ಕೆ ಒಂದೇ ಜಾತಿ ಹಾಕುವವರನ್ನು ಕಂಡರೆ ನನಗೆ ಅವರ ದುಡ್ಡಿನ ಚಿಂತೆ ಆಗುತ್ತದೆ.

ನೆಟ್ಟದ್ದು ಸೆಪ್ಟೆಂಬರ್ ಕೊನೆಗೆ. ಜೂನ್‌ನಲ್ಲಿ ನೆಟ್ಟರೆ ಮಣ್ಣಿನ ಸಮೇತ ಗದ್ದೆಗೆ ಹೋಗುತ್ತದೆ. ಮಳೆಯ ಜೋರು ಮುಗಿದು ತುಲಾ ಮಳೆ ಸಂಜೆ ಸಂಜೆ ಬರುವ ಹೊತ್ತು ಇದಕ್ಕೆ ಸರಿ. ನರ್ಸರಿಯಿಂದ ಹುಲ್ಲು ಮಣ್ಣಿನ ಸಮೇತ ಚಾಪೆಯ ಹಾಗೆ ಬರುತ್ತದೆ, ಆ ಚಾಪೆ ಹಾಗೇ ಹಾಸಿದರೆ ದುಬಾರಿ. ನಾನು ಚಾಪೆಯನ್ನು ಹರಿದು, ಗಂಟು ಇರುವ ಬಳ್ಳಿ ತುಂಡುಗಳನ್ನು ನಾಲ್ಕು ಇಂಚು ಅಂತರದಲ್ಲಿ ನೆಟ್ಟೆ. ಸೊಂಟ ಹೋಗುವ ಕೆಲಸ. ತೋಟದ ಕೆಲಸಕ್ಕೆ ಬರುವ ಹೆಂಗಸರು ಸಹಾಯಕ್ಕೆ ಬಂದರು, ನಗುತ್ತಲೇ ನೆಟ್ಟರು. ನೇಜಿ (ಭತ್ತದ ಸಸಿ) ನೆಟ್ಟ ಕೈಗಳು, ಸಾಲು ಒಂದಿಂಚು ಆಚೀಚೆ ಆಗಲಿಲ್ಲ.

ಈಗ ಜೇಕು ಅನ್ನುವ ಕಳೆಯ ಕತೆ. ದುಡ್ಡು ಕೊಟ್ಟು ತಂದ ಮೆಕ್ಸಿಕನ್ ಚಾಪೆಯ ಮಣ್ಣಿನಲ್ಲಿ ಅದು ಪುಕ್ಕಟೆ ಬಂದಿತ್ತು. ಚಾಪೆ ಮಾರಿದವರನ್ನು ಕೇಳಿದರೆ "ಅದು ನಿಮ್ಮ ಮಣ್ಣಿನದ್ದು" ಅಂದರು. ಕಾರ್ಪೆಟ್ ಹುಲ್ಲು ನೆಟ್ಟ ಕಡೆ ಒಂದೂ ಇಲ್ಲ, ಮಣ್ಣು ಎರಡು ಕಡೆಗೂ ಒಂದೇ. ಇರಲಿ.

ಜೇಕನ್ನು ಗುರುತಿಸುವುದು ಕಣ್ಣಿಗಿಂತ ಬೆರಳಿಗೆ ಸುಲಭ. ದಂಟನ್ನು ಎರಡು ಬೆರಳ ನಡುವೆ ಉರುಳಿಸಿ ನೋಡಿ, ಮೂರು ಮೂಲೆ ಸಿಗುತ್ತದೆ. ಹುಲ್ಲಿನ ದಂಟಿಗೆ ಆ ಮೂಲೆ ಇಲ್ಲ. ಎಳೆದರೆ ಬಹಳ ಸುಲಭವಾಗಿ ಕೈಗೆ ಬರುತ್ತದೆ, ಮೋಸ ಅದರಲ್ಲೇ ಇರುವುದು. ಮೇಲಿನ ಎಲೆ ಬಂತು, ಕೆಳಗಿನ ಗಡ್ಡೆ ಅಲ್ಲೇ ಉಳಿಯಿತು. ವಾರದೊಳಗೆ ಪುನಃ ಹಾಜರ್. ಗಡ್ಡೆ ಬೇಕಿದ್ದರೆ ಮೊಂಡು ಚಾಕುವನ್ನು ದಂಟಿನ ಪಕ್ಕದಲ್ಲಿ ನೇರ ಇಳಿಸಿ, ಮಣ್ಣು ಸಮೇತ ಎತ್ತಬೇಕು. ಬಿಳಿ ನೂಲಿನಂಥ ಬೇರು ಒಂದು ಕಾಣುತ್ತದೆ. ಅದನ್ನು ಹರಿಯದೆ ಹಿಂಬಾಲಿಸಿದರೆ ಕಡಲೆ ಗಾತ್ರದ ಕಪ್ಪು ಗಡ್ಡೆ, ಅಲ್ಲಿಂದ ಇನ್ನೊಂದು ನೂಲು, ಇನ್ನೊಂದು ಗಡ್ಡೆ. ಉಗುರಿನಿಂದ ಗೀರಿದರೆ ಒಳ್ಳೆಯ ಪರಿಮಳ. ಆಯುರ್ವೇದದ ಮುಸ್ತಾ ಅಂದರೆ ಇದೇ, ಭದ್ರಮುಷ್ಟಿ. ಔಷಧಿ ಅಂಗಡಿಯಲ್ಲಿ ದುಡ್ಡು ಕೊಡಬೇಕು, ನಮ್ಮಲ್ಲಿ ಬುಟ್ಟಿಗಟ್ಟಲೆ. ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಅಲ್ಲಿ ಆರಾಮವಾಗಿ ಚಿಗುರುತ್ತದೆ. ನಾನು ಒಣಗಿಸಿ ಬಚ್ಚಲೊಲೆಗೆ ಹಾಕುತ್ತೇನೆ.

ಇಷ್ಟು ಒದ್ದಾಡುವ ಬದಲು ಮದ್ದು ಹೊಡಿ ಅಂತ ಹೇಳಿದವರು ಇದ್ದಾರೆ. ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಕುಳಿತು ಆ ಮಾತು ಕೇಳುವುದಕ್ಕೆ ನನಗೆ ಮನಸ್ಸಿಲ್ಲ. 2000ನೇ ಇಸವಿಯವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರು ಇದು. ಅದರ ಫಲ ಯಾರ ಯಾರ ಮನೆಯಲ್ಲಿ ಉಂಟು ಅಂತ ನಮಗೆಲ್ಲ ಗೊತ್ತು. ಕಳೆಗೆ ಹೊಡೆಯುವ ಗ್ಲೈಫೋಸೇಟನ್ನು ಕೇರಳ ಸರಕಾರ 2019ರಲ್ಲಿ ನಿಷೇಧಿಸಿತು. ನಿಷೇಧ ಇಲ್ಲದಿದ್ದರೂ ಮಕ್ಕಳು ಬರಿಗಾಲಲ್ಲಿ ಹೊರಳುವ ಜಾಗಕ್ಕೆ ನಾನು ಅದನ್ನು ತರುವವನಲ್ಲ. ಚಾಕು ಸಾಕು. ಸಂಜೆ ಕಾಫಿ ಕುಡಿದು ಒಂದು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕೀಳುವುದು ಈಗ ಅಭ್ಯಾಸ ಆಗಿದೆ, ಫೋನ್ ನೋಡುವುದಕ್ಕಿಂತ ವಾಸಿ. ಹುಲ್ಲು ದಟ್ಟ ಆದಷ್ಟು ಜೇಕು ಕಡಿಮೆ ಆಯಿತು, ನೆರಳು ಅದಕ್ಕೆ ಆಗುವುದಿಲ್ಲ. ನಾಚಿಕೆ ಮುಳ್ಳು ಮಾತ್ರ ಚಿಕ್ಕದಿರುವಾಗಲೇ ಬೇರು ಸಮೇತ ತೆಗೆಯಿರಿ. ದೊಡ್ಡದಾದ ಮೇಲೆ ಅದಕ್ಕೆ ನಾಚಿಕೆ ಇಲ್ಲ.

ಮಳೆಗಾಲದಲ್ಲಿ ಲಾನ್ ನನ್ನದಲ್ಲ, ಎರೆಹುಳದ್ದು. ಬೆಳಗ್ಗೆ ನೋಡಿದರೆ ಎಲ್ಲ ಕಡೆ ಮಣ್ಣಿನ ಸಣ್ಣ ಗುಪ್ಪೆ. ಒಣಗಿದ ಹೊತ್ತು ನೋಡಿ ಕಡ್ಡಿ ಹಿಡಿಸೂಡಿಯಲ್ಲಿ ಚದುರಿಸಿದರೆ ಅದೇ ಗೊಬ್ಬರ. ತೋಟದ ಅಂಚಿನ ಅಡಿಕೆ ಮರದಿಂದ ಹಾಳೆ ಬೀಳುತ್ತದೆ. ಒಂದು ಹಾಳೆ ಮೂರು ದಿನ ಬಿದ್ದಲ್ಲೇ ಇದ್ದರೆ ಎತ್ತಿದಾಗ ಅಡಿಯ ಹುಲ್ಲು ಬೆಳ್ಳಗೆ, ಹಾಳೆಯ ಆಕಾರದಲ್ಲೇ. ನೆಂಟರ ಮನೆಗೆ ಹೋಗಿ ಬಂದರೆ ಅಂಥ ಆಕಾರ ಹತ್ತಾರು ಇರುತ್ತದೆ. ಗೊಬ್ಬರ ಈ ತಿಂಗಳುಗಳಲ್ಲಿ ಸುಮ್ನೆ ದಂಡ, ಹಾಕಿದ್ದು ರಾತ್ರಿಯ ಮಳೆಗೆ ತೊಳೆದು ಹೋಗುತ್ತದೆ. ನೆನೆಸಿದ ನೆಲಗಡಲೆ ಹಿಂಡಿಯ ತಿಳಿಯನ್ನು ಅಕ್ಟೋಬರ್ ನಂತರ ಹಾಕುತ್ತೇನೆ, ಅಷ್ಟೇ.

ಕತ್ತರಿಸುವುದಕ್ಕೆ ತೋಟದ ಬ್ರಷ್ ಕಟ್ಟರ್ ಉಂಟಲ್ಲ ಅಂತ ಅಪ್ಪ. ನೈಲಾನ್ ನೂಲು ಹಾಕಿ ಮಾಡಬಹುದು, ಆದರೆ ಕೈ ಸ್ವಲ್ಪ ಇಳಿದರೆ ಮಣ್ಣು ಕಾಣುತ್ತದೆ. ಕೈಯಲ್ಲಿ ತಳ್ಳುವ, ಸುರುಳಿ ಬ್ಲೇಡಿನ ಮೂವರ್ ತಂದೆ. ಪೆಟ್ರೋಲ್ ಇಲ್ಲ, ಗಲಾಟೆ ಇಲ್ಲ, ಬರೀ ಕರಕರ ಸದ್ದು. ಈ ಯಂತ್ರ 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಮಾಡಿದ್ದು. ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಜುಂಗು ಸವರುವ ಯಂತ್ರ ನೋಡಿ ಅವನಿಗೆ ಹುಲ್ಲಿನ ಯೋಚನೆ ಬಂತಂತೆ. ಇಷ್ಟು ವರ್ಷವಾದರೂ ಅದೇ ಕ್ರಮ: ಸುರುಳಿ ತಿರುಗುತ್ತದೆ, ಕೆಳಗಿನ ಪಟ್ಟಿಗೆ ತಾಗಿ ಹುಲ್ಲು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ತುಂಡಾಗುತ್ತದೆ. ಬ್ಲೇಡ್ ಸರಿ ಕೂತಿದೆಯಾ ಅಂತ ನೋಡಲು ಒಂದು ಹಾಳು ಪೇಪರ್ ತುಂಡು ಇಟ್ಟು ಕೈಯಲ್ಲಿ ತಿರುಗಿಸಿ. ಪೇಪರ್ ಹರಿಯದೆ ಕತ್ತರಿಸಿ ಹೋಗಬೇಕು. ಎತ್ತರದ ಮೂರನೇ ಒಂದು ಪಾಲಿಗಿಂತ ಜಾಸ್ತಿ ಒಂದೇ ಸಲ ತೆಗೆಯಬಾರದು. ಒದ್ದೆ ಹುಲ್ಲಿಗೆ ಈ ಮೂವರ್ ಆಗುವುದಿಲ್ಲ, ಸುತ್ತಿಕೊಳ್ಳುತ್ತದೆ. ಜುಲೈಯಲ್ಲಿ ಒದ್ದೆಯಲ್ಲದ ಹುಲ್ಲು ನಮ್ಮೂರಲ್ಲಿ ಎಲ್ಲಿ ಸಿಗುತ್ತದೆ? ಹಾಗಾಗಿ ಆಗ ಎರಡು ಬಿಸಿಲು ಬಂದರೆ ಎಲ್ಲ ಕೆಲಸ ಬಿಟ್ಟು ಓಡುವುದು.

ಬೇಸಿಗೆಯ ಲೆಕ್ಕ ಬೇರೆ. ನಮ್ಮ ನೀರು ಸುರಂಗದ್ದು. ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗದಿಂದ ಪಂಪಿಲ್ಲದೆ ಇಳಿದು ಬರುತ್ತದೆ, ಏಪ್ರಿಲ್‌ಗೆ ಸಪುರ ಆಗುತ್ತದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಅಂದರೆ ಒಂದು ಲೀಟರ್. ಲಾನನ್ನು ಹಸಿರಾಗಿ ಇಡಲು ದಿನಕ್ಕೆ ಐದು ಮಿಲಿಮೀಟರ್ ಕೊಟ್ಟರೆ ಒಂದು ಸೆಂಟ್ಸಿಗೆ 200 ಲೀಟರ್ ಆಯಿತು. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್. ಅಂದರೆ ನನ್ನ ಲಾನ್ ಹತ್ತು ಫಸಲು ಕೊಡುವ ಮರದ ನೀರು ಕುಡಿಯುತ್ತದೆ! ಈ ಲೆಕ್ಕ ಅಪ್ಪನಿಗೆ ಹೇಳಲಿಲ್ಲ, ಅವರೇ ಹಾಕಿದ್ದರು.

ಅದಕ್ಕೆ ನಾನು ಹಸಿರಿನ ಆಸೆ ಬಿಟ್ಟೆ. ಮಾರ್ಚ್‌ನಿಂದ ವಾರಕ್ಕೆ ಎರಡೇ ಸಲ, ಬೆಳಗ್ಗೆ ಬೇಗ, ಬೇರಿಗೆ ಇಳಿಯುವಷ್ಟು. ಬಟ್ಟೆ ತೊಳೆದ ಕೊನೆಯ ಜಾಲಾಡಿದ ನೀರೂ ಅಲ್ಲಿಗೇ. ಎತ್ತರವನ್ನು ಸ್ವಲ್ಪ ಜಾಸ್ತಿ ಬಿಡುತ್ತೇನೆ, ಬುಡಕ್ಕೆ ನೆರಳಾಗಲಿ ಅಂತ. ಬಿಸಿಲಿನ ಕಡೆ ಏಪ್ರಿಲ್ ಕೊನೆಗೆ ಕಂದು ಆಗುತ್ತದೆ. ಬಂದವರು "ಸತ್ತು ಹೋಯ್ತಾ?" ಅಂತ ಕೇಳುತ್ತಾರೆ. ಸತ್ತಿಲ್ಲ. ಬಳ್ಳಿಯ ಗಂಟು ಮುರಿದು ನೋಡಿದರೆ ಒಳಗೆ ಬಿಳಿ ಹಸಿ ಇರುತ್ತದೆ, ಅಷ್ಟಿದ್ದರೆ ಸಾಕು. ಎರಡು ಮಳೆ ಬಿದ್ದರೆ ಎದ್ದು ನಿಲ್ಲುತ್ತದೆ. ಅಡಿಕೆ ಮರಕ್ಕೆ ಆ ಸೌಕರ್ಯ ಇಲ್ಲ, ಒಂದು ಬೇಸಿಗೆ ನೀರು ತಪ್ಪಿದರೆ ಮುಂದಿನ ವರ್ಷದ ಹಿಂಗಾರಕ್ಕೇ (ಅಡಿಕೆಯ ಹೂಗೊನೆ) ಪೆಟ್ಟು. ಯಾರಿಗೆ ಮೊದಲು ನೀರು ಅಂತ ನಮ್ಮ ಮನೆಯಲ್ಲಿ ಚರ್ಚೆಯೇ ಇಲ್ಲ.

ಮೊದಲ ಮಳೆಗೆ ಹುಲ್ಲಿನ ಜತೆ ಬೇರುಹುಳದ ದುಂಬಿಗಳೂ ಏಳುತ್ತವೆ. ಸಂಜೆ ಮಣ್ಣಿನಿಂದ ಹೊರಟು ಹಾರಾಡುತ್ತವೆ, ತೋಟದವರಿಗೆಲ್ಲ ಪರಿಚಯದ ಶತ್ರು. ಹುಳ ಹುಲ್ಲಿನ ಬೇರನ್ನೂ ಬಿಡುವುದಿಲ್ಲ. ಬೇರು ತಿಂದ ಕಡೆ ಹುಲ್ಲು ಕೈಯಲ್ಲಿ ಎತ್ತಿದರೆ ಸಲೀಸಾಗಿ ಎದ್ದು ಬರುತ್ತದೆ. ಆ ಹುಳಕ್ಕೂ ಎರೆಹುಳಕ್ಕೂ ಜೇಕಿನ ಗಡ್ಡೆಗೂ ಆಸೆಪಟ್ಟು ಕಾಡುಹಂದಿ ಬರುತ್ತದೆ. ಒಂದು ರಾತ್ರಿ ಸಾಕು, ಬೆಳಗ್ಗೆ ನೋಡಿದರೆ ಉತ್ತ ಗದ್ದೆ. ಮೇಲೆದ್ದ ಹುಲ್ಲನ್ನು ಬಿಸಿಲೇರುವ ಮೊದಲು ಹಿಂದೆ ಕೂರಿಸಿ, ಕಾಲಲ್ಲಿ ಒತ್ತಿ, ನೀರು ಹಾಕಿದರೆ ಬಹುಪಾಲು ಬದುಕುತ್ತದೆ. ಕೇರಳದಲ್ಲಿ 2022ರಲ್ಲಿ ಕೃಷಿ ಹಾಳು ಮಾಡುವ ಹಂದಿಯನ್ನು ಹೊಡೆಸುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೇ ಕೊಟ್ಟರು. ಲಾನ್ ಹಾಳಾಯಿತು ಅಂತ ಅರ್ಜಿ ಕೊಟ್ಟರೆ ಮುಂದಿನ ಚುನಾವಣೆವರೆಗೆ ನಗುತ್ತಾರೆ. ಗೇಟಿನ ಕೆಳಗೆ ಮುರಕಲ್ಲು ಕಟ್ಟಿಸಿದೆ, ಈಗ ಸ್ವಲ್ಪ ನೆಮ್ಮದಿ.

ಇಷ್ಟೆಲ್ಲ ಯಾಕೆ ಅಂದರೆ ಡಿಸೆಂಬರಿಗಾಗಿ. ಇಬ್ಬನಿ ಬಿದ್ದ ಮೆಕ್ಸಿಕನ್ ಮೇಲೆ ಬರಿಗಾಲಲ್ಲಿ ನಡೆಯುವುದು, ಹಿಂದಿನ ಸಂಜೆ ಮೂವರ್ ಎಳೆದ ಪಟ್ಟೆ ಇನ್ನೂ ಕಾಣುವುದು, ಬೆಳ್ಳಕ್ಕಿ ಎರಡು ಬಂದು ಗಂಭೀರವಾಗಿ ತನಿಖೆ ಮಾಡಿ ಹೋಗುವುದು. ಮಕ್ಕಳು ಬಿದ್ದರೆ ಮಂಡಿ ಕೆತ್ತಿ ಹೋಗುವುದಿಲ್ಲ. ಹುಲ್ಲು ಬೆಳೆಸಿದರೆ ಹಾವು ಬರುತ್ತದೆ ಅನ್ನುತ್ತಿದ್ದ ಅಮ್ಮ ಈಗ ಅಲ್ಲೇ ಹಪ್ಪಳದ ಚಾಪೆ ಹಾಸುತ್ತಾರೆ. ಬೇಡ ಅಂದರೆ ಕೇಳುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಚಾಪೆಯಡಿಯ ಹುಲ್ಲು ಬೆಂದು ಚೌಕಾಕಾರದ ಹಳದಿ ಮಚ್ಚೆ. ಚೌತಿಯ ಹಿಂದಿನ ದಿನ ಅಂಚಿನಲ್ಲಿ ನುಸುಳಿದ ಗರಿಕೆ ಹುಡುಕಿಕೊಂಡು ಆಚೆ ಮನೆ ಮಕ್ಕಳು ಬರುತ್ತಾರೆ. ಮಧೂರಿನ ಗಣಪತಿಯ ಸೀಮೆ ನಮ್ಮದು, ಗರಿಕೆಯನ್ನು ಪೂರ್ತಿ ಕಿತ್ತು ಹಾಕಲು ನನಗೂ ಕೈ ಬರುವುದಿಲ್ಲ. ಒಂದು ಮೂಲೆ ಅದಕ್ಕೆಂದೇ ಬಿಟ್ಟಿದ್ದೇನೆ.

ಅಂಚಿನಿಂದ ಹೊರಗೆ ಹರಿದ ಬಳ್ಳಿಯನ್ನು ನಾನು ಸೆಪ್ಟೆಂಬರ್ ಕೊನೆಗೆ ಕತ್ತರಿಸುತ್ತೇನೆ. ಬೇಕಾದ ನೆರೆಕರೆಯವರು ಆಗ ಗೋಣಿ ಹಿಡಿದುಕೊಂಡು ಬರುತ್ತಾರೆ, ದುಡ್ಡು ಬೇಡ. ಕೊಡುವಾಗ ಒಂದು ಮಾತು ಮಾತ್ರ ಹೇಳುತ್ತೇನೆ: ಬೇರಿನ ಮಣ್ಣನ್ನು ಬಕೆಟ್ ನೀರಿನಲ್ಲಿ ಪೂರ್ತಿ ತೊಳೆದು ನೆಡಿ, ಜೇಕಿನ ಗಡ್ಡೆ ಬಂದರೆ ಅದು ನಿಮ್ಮ ಮಣ್ಣಿನದ್ದು ಅಂತ ನಾನೂ ಹೇಳುತ್ತೇನೆ.