ಮೇಲಿನ ಮಹಡಿಗೂ ಜೋರು ಶವರ್: ಬಿಸಿನೀರಿನ ವ್ಯವಸ್ಥೆ ನಾನು ಆರಿಸಿದ್ದು ಹೀಗೆ

ನಮ್ಮದು ಮೈಸೂರಿನಲ್ಲಿ ಎರಡು ಅಂತಸ್ತಿನ ಮನೆ. ಕೆಳಗಿನ ಬಚ್ಚಲಿನಲ್ಲಿ ಶವರ್ ಪರವಾಗಿಲ್ಲ ಅನ್ನುವಷ್ಟು ಬರುತ್ತಿತ್ತು. ಮೇಲಿನದರಲ್ಲಿ ನೂಲಿನ ಹಾಗೆ. ತಾರಸಿಯಲ್ಲಿದ್ದ 150 ಲೀಟರಿನ ಹಳೆಯ ಸೋಲಾರ್ ಟ್ಯಾಂಕ್ ತುಕ್ಕು ಹಿಡಿದು ಸೋರಲು ಶುರುವಾಗಿತ್ತು. ಹೇಗೂ ಹೊಸದು ಹಾಕಿಸಬೇಕು, ಮಕ್ಕಳು ಕೇಳುತ್ತಿದ್ದ ಜೋರು ಶವರ್ ಕೂಡ ಇದರಲ್ಲೇ ಆಗಲಿ ಅಂತ ಕೂತು ಲೆಕ್ಕ ಹಾಕಿದೆ.

ಅಂಗಡಿಗೆ ಹೋಗುವ ಮುಂಚೆ ಬಕೆಟ್ ಹಿಡಿದು ಬಚ್ಚಲಿಗೆ ಹೋದೆ. ಶವರ್ ಪೂರ್ತಿ ತಿರುಗಿಸಿ, ಒಂದು ನಿಮಿಷಕ್ಕೆ ಎಷ್ಟು ನೀರು ಬೀಳುತ್ತದೆ ಅಂತ ಅಳೆದೆ. ಮೇಲೆ 4 ಲೀಟರ್, ಕೆಳಗೆ 6ಕ್ಕಿಂತ ಸ್ವಲ್ಪ ಜಾಸ್ತಿ. ಮೈತುಂಬ ನೀರು ಬೀಳಬೇಕಾದರೆ ನಿಮಿಷಕ್ಕೆ 8ರಿಂದ 10 ಲೀಟರ್ ಬೇಕು. ಶವರ್ ಬಿಲ್ಲೆ ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ, ತೂತುಗಳಲ್ಲಿ ಕಟ್ಟಿದ್ದ ಬಿಳಿ ಉಪ್ಪು ತೆಗೆದೂ ನೋಡಿದೆ. ಹೆಚ್ಚೇನೂ ವ್ಯತ್ಯಾಸ ಆಗಲಿಲ್ಲ.

ಕಾರಣ ಎತ್ತರದಲ್ಲಿತ್ತು. ನೀರು 10 ಮೀಟರ್ ಮೇಲಿನಿಂದ ಇಳಿದರೆ, ಪ್ಲಂಬರ್‌ಗಳ ಮಾತಿನಲ್ಲಿ ಒಂದು ಕೆಜಿ ಪ್ರೆಶರ್. ನಮ್ಮ ಸಿಂಟೆಕ್ಸ್ ಟ್ಯಾಂಕಿಗೂ ಮೇಲಿನ ಶವರಿಗೂ ನಡುವೆ ಇದ್ದದ್ದು ಬರೀ 2 ಮೀಟರ್. ಅಂದರೆ 0.2 ಕೆಜಿ. ಗೀಸರ್ ಆಗಲಿ ಸೋಲಾರ್ ಆಗಲಿ ನೀರನ್ನು ಕಾಯಿಸುತ್ತದೆ ಅಷ್ಟೇ, ತಳ್ಳುವುದಿಲ್ಲ. ಹಾಗಾಗಿ ತಳ್ಳುವುದಕ್ಕೆ ಬೇರೆ, ಕಾಯಿಸುವುದಕ್ಕೆ ಬೇರೆ ಅಂತ ಎರಡು ಲೆಕ್ಕ ಮಾಡಿಕೊಂಡೆ.

ಕಾಯಿಸುವ ಲೆಕ್ಕ ಇದು. ನಮ್ಮ ತಣ್ಣೀರು ಸುಮಾರು 24 ಡಿಗ್ರಿ, ಟ್ಯಾಂಕಿನ ಬಿಸಿನೀರು 60 ಡಿಗ್ರಿ ಅಂತಿಟ್ಟುಕೊಳ್ಳಿ. ಸ್ನಾನಕ್ಕೆ 40 ಡಿಗ್ರಿ ಹಿತ. ಹಾಗೆ ಬೆರೆಸಿದರೆ ಪ್ರತಿ 10 ಲೀಟರಿನಲ್ಲಿ ಸುಮಾರು ನಾಲ್ಕೂವರೆ ಲೀಟರ್ ಬಿಸಿನೀರು. ನಿಮಿಷಕ್ಕೆ 10 ಲೀಟರ್ ಬರುವ ಶವರಿನಲ್ಲಿ ಒಬ್ಬರು 6 ನಿಮಿಷ ನಿಂತರೆ 27 ಲೀಟರ್ ಬಿಸಿನೀರು ಖಾಲಿ. ಮನೆಯಲ್ಲಿ ಶವರಿನವರು ಮೂರು ಜನ. ಅತ್ತೆ, ಮಾವ ಬಕೆಟ್ಟಿನವರು, ತಲಾ ಎರಡು ಬಕೆಟ್. ಎಲ್ಲ ಸೇರಿ ಬೆಳಗ್ಗೆ ಸುಮಾರು 120 ಲೀಟರ್ ಬಿಸಿನೀರು ಬೇಕು.

ಈ ಒಂದು ಅಂಕಿ ಕೈಯಲ್ಲಿದ್ದರೆ ಅಂಗಡಿಯಲ್ಲಿ ಆಯ್ಕೆ ಸುಲಭ. 3 ಕಿಲೋವಾಟ್‌ನ ಇನ್‌ಸ್ಟಂಟ್ ಗೀಸರ್ ನಮ್ಮ ನೀರನ್ನು 40 ಡಿಗ್ರಿಗೆ ತರಬೇಕಾದರೆ ನಿಮಿಷಕ್ಕೆ 3 ಲೀಟರ್ ಕೂಡ ದಾಟುವುದಿಲ್ಲ. ಅಡುಗೆಮನೆಯ ಸಿಂಕಿಗೆ ಸರಿ, ಶವರಿಗೆ ಸಾಲದು. 25 ಲೀಟರಿನ ಗೀಸರ್ ಇಂಥ ಶವರಿಗೆ ಐದು ನಿಮಿಷದ ಆಸುಪಾಸು. ಆಮೇಲೆ 2 ಕಿಲೋವಾಟ್‌ನಲ್ಲಿ ಮತ್ತೆ ಕಾಯಲು ಅರ್ಧ ಗಂಟೆ. ಒಬ್ಬರೋ ಇಬ್ಬರೋ ಇರುವ ಮನೆಗೆ ಸಾಕು, ಸ್ಕೂಲ್ ಬಸ್ ಹಿಡಿಯುವ ಮಕ್ಕಳಿರುವ ಮನೆಗೆ ಕಷ್ಟ. ಗ್ಯಾಸ್ ಗೀಸರ್ ನಿಮಿಷಕ್ಕೆ 6 ಲೀಟರ್ ಬಿಸಿನೀರನ್ನು ನಿಲ್ಲದೆ ಕೊಡುತ್ತದೆ, ನಿಜ. ಆದರೆ ಅದನ್ನು ಬಚ್ಚಲಿನ ಒಳಗೆ ಮಾತ್ರ ದಯವಿಟ್ಟು ಹಾಕಿಸಬೇಡಿ. ಗಾಳಿಯಾಡದ ಕಡೆ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯೇ ಇಲ್ಲ. ಒಳಗಿದ್ದವರು ಗೊತ್ತಾಗುವ ಮುಂಚೆಯೇ ಪ್ರಜ್ಞೆ ತಪ್ಪುತ್ತಾರೆ, ಜೀವ ಹೋದ ಮನೆಗಳಿವೆ. ನಮ್ಮಲ್ಲಿ ಹೊರಗೋಡೆಯಲ್ಲಿ ಜಾಗ ಇರಲಿಲ್ಲ, ಆ ಯೋಚನೆ ಅಲ್ಲಿಗೇ ಬಿಟ್ಟೆ. ಉಳಿದದ್ದು ಸೋಲಾರ್, 200 ಲೀಟರಿನದು.

ಇನ್ನು ತಳ್ಳುವ ವಿಷಯ. "ಅಕ್ಕಾ, ಸುಮ್ನೆ ಒಂದು ಪ್ರೆಶರ್ ಪಂಪ್ ಹಾಕ್ಬಿಡೋಣ, ಎಲ್ಲಾ ಸರಿ ಹೋಗುತ್ತೆ" ಅಂದ ನಮ್ಮ ಪ್ಲಂಬರ್. ಎಲ್ಲಿ ಹಾಕ್ತೀಯಪ್ಪಾ ಅಂತ ಕೇಳಿದೆ. ಇಡೀ ಕೆಲಸದಲ್ಲಿ ಮುಖ್ಯವಾದ ಪ್ರಶ್ನೆ ಇದೇ.

ಸಾಮಾನ್ಯವಾಗಿ ಮನೆಗಳ ಮೇಲೆ ಕಾಣುವ ಗಾಜಿನ ಕೊಳವೆಯ ಸೋಲಾರ್ ಪ್ರೆಶರ್ ತಡೆಯುವುದಿಲ್ಲ. ಅದರ ಟ್ಯಾಂಕಿನ ಮೇಲೆ ಗಾಳಿ ಹೋಗಲು ಒಂದು ಪೈಪು ಬಾಯಿ ತೆರೆದುಕೊಂಡಿರುತ್ತದೆ. ಪಂಪಿನ ನೀರನ್ನು ಅದರೊಳಗೆ ಬಿಟ್ಟರೆ ಆ ಪೈಪಿನಿಂದ ಉಕ್ಕುತ್ತದೆ, ಟ್ಯಾಂಕಿನ ಜೋಡಣೆಯೂ ಬಿಟ್ಟುಕೊಳ್ಳಬಹುದು. ಹಾಗಂತ ತಣ್ಣೀರಿನ ಲೈನಿಗೆ ಮಾತ್ರ ಪಂಪ್ ಕೊಟ್ಟರೆ ಇನ್ನೊಂದು ತೊಂದರೆ. ಶವರಿನ ಮಿಕ್ಸರ್‌ನಲ್ಲಿ ಎರಡೂ ನೀರು ಸೇರುತ್ತವೆ ಅಲ್ವಾ? ಜೋರಾಗಿರುವ ತಣ್ಣೀರು ಸೋತಿರುವ ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ಶವರಿನಲ್ಲಿ ತಣ್ಣೀರೇ ಬರುತ್ತದೆ, ಸೋಲಾರ್ ಟ್ಯಾಂಕಿಗೂ ತಣ್ಣೀರು ಏರುತ್ತದೆ. ಬಿಸಿ, ತಣ್ಣೀರು ಎರಡೂ ಒಂದೇ ಪ್ರೆಶರಿನಲ್ಲಿ ಬಂದರೆ ಮಾತ್ರ ಶವರ್ ಹದವಾಗಿ ಸಿಗುತ್ತದೆ. ಬಿಸಿನೀರಿನ ಲೈನಿಗೆ ಬೇರೆ ಪಂಪ್ ಹಾಕುವವರಿದ್ದಾರೆ. ಬಿಸಿ ತಡೆಯುವ ಪಂಪೇ ಆಗಬೇಕು, ಎರಡನ್ನೂ ಸಮ ಮಾಡುವುದು ತಲೆನೋವು.

ಅದಕ್ಕೇ ನಾನು ಪ್ರೆಶರ್ ತಡೆಯುವ ಟ್ಯಾಂಕಿರುವ ಫ್ಲಾಟ್ ಪ್ಲೇಟ್ ಸೋಲಾರ್, ಅಂದರೆ ಗಾಜಿನ ಕೊಳವೆಗಳ ಬದಲು ಚಪ್ಪಟೆ ಪ್ಯಾನೆಲ್ ಇರುವುದು, ತೆಗೆದುಕೊಂಡೆ. ಬೆಲೆ ಜಾಸ್ತಿ. ಆದರೆ ಸಿಂಟೆಕ್ಸ್‌ನಿಂದ ಹೊರಬರುವ ಪೈಪಿಗೆ ಒಂದೇ ಪಂಪ್, ಅದರಾಚೆ ಲೈನ್ ಕವಲಾಗಿ ಒಂದು ಸೋಲಾರಿಗೆ, ಒಂದು ನೇರ ಬಚ್ಚಲಿಗೆ. ಎರಡಕ್ಕೂ ಒಂದೇ ಒತ್ತಡ. ಊರಿಗೆ ನಲ್ಲಿನೀರು ಕೊಡುವ ವಾಣಿ ವಿಲಾಸ ವಾಟರ್ ವರ್ಕ್ಸ್‌ನ ನೀರು ಬಾರದ ದಿನ ನಮಗೆ ಬೋರ್ ನೀರೇ ಗತಿ, ಅದು ಗಡಸು. ಹಾಗಾಗಿ ಪ್ಯಾನೆಲ್ಲಿನಲ್ಲಿ ಸುತ್ತುವ ನೀರು ಬೇರೆ, ಬಳಸುವ ನೀರು ಬೇರೆ ಇರುವ ಮಾದರಿಯನ್ನೇ ಕೇಳಿ ತಂದೆ. ಹಾಗಿದ್ದರೆ ಪ್ಯಾನೆಲ್ಲಿನ ಸಣ್ಣ ತಾಮ್ರದ ಕೊಳವೆಗಳಲ್ಲಿ ಗಡಸು ನೀರಿನ ಉಪ್ಪು ಕಟ್ಟುವುದಿಲ್ಲ.

ಪಂಪಿನ ಪಕ್ಕದಲ್ಲಿ, ನೀರು ಪಂಪನ್ನು ಬಿಟ್ಟು ಹೋಗಲು ಒಂದು ಬೈಪಾಸ್ ಪೈಪ್, ಅದಕ್ಕೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕಿಸಿದೆ. ಕರೆಂಟ್ ಹೋದರೂ ಮೊದಲಿನ ಹಾಗೆ ನೀರು ತಾನಾಗಿ ಇಳಿಯುತ್ತದೆ. ಸೋಲಾರ್ ಟ್ಯಾಂಕಿಗೆ, ಒತ್ತಡ ಮಿತಿ ಮೀರಿದರೆ ಹೊರಬಿಡುವ ಪ್ರೆಶರ್ ರಿಲೀಫ್ ವಾಲ್ವ್ ಇದೆಯೇ ಅಂತ ನಾನೇ ಹತ್ತಿ ನೋಡಿದೆ. ಇದನ್ನು ಯಾರೂ ಬಿಡಬಾರದು. ಪಂಪ್ ನಮ್ಮ ಟ್ಯಾಂಕಿನಿಂದ ಮಾತ್ರ ನೀರು ಎಳೆಯಬೇಕು, ಬೀದಿಯ ಲೈನಿಗೆ ನೇರ ಮೋಟಾರ್ ಕೊಡುವುದು ತಪ್ಪು, ಪಕ್ಕದ ಮನೆಯವರ ನೀರು ಹೋಗುತ್ತದೆ. ಬಿಸಿನೀರಿಗೆ ಸಿಪಿವಿಸಿಯಂಥ ಬಿಸಿ ತಡೆಯುವ ಪೈಪೇ ಬೇಕು. ತಾರಸಿಯಿಂದ ಬಚ್ಚಲಿನವರೆಗೆ ಮುಕ್ಕಾಲು ಇಂಚು, ಕೊನೆಯಲ್ಲಿ ಮಾತ್ರ ಅರ್ಧ ಇಂಚು. ಪೈಪು ತಿರುಗುವ ಕಡೆ ಹಾಕುವ ಎಲ್ಬೋ ಆದಷ್ಟು ಕಡಿಮೆ.

ಈಗ ಮೇಲಿನ ಶವರಿನಲ್ಲಿ ನಿಮಿಷಕ್ಕೆ 10 ಲೀಟರ್ ಬರುತ್ತದೆ. ನಲ್ಲಿ ತೊಟ್ಟಿಕ್ಕಿದರೆ ಪಂಪ್ ಆಗಾಗ ಗುಂಯ್ ಅನ್ನುತ್ತದೆ, ಆಗ ವಾಷರ್ ಬದಲಾಯಿಸುತ್ತೇನೆ. ಆಷಾಢದ ಮೋಡದಲ್ಲಿ ಟ್ಯಾಂಕಿನೊಳಗಿನ 2 ಕಿಲೋವಾಟ್ ಕಾಯಿಲ್ ಹಾಕಬೇಕಾಗುತ್ತದೆ. 200 ಲೀಟರನ್ನು 20 ಡಿಗ್ರಿ ಏರಿಸಲು ಎರಡು ಗಂಟೆಯ ಮೇಲೆ ಹಿಡಿಯುತ್ತದೆ, ನಾಲ್ಕೈದು ಯೂನಿಟ್ ಕರೆಂಟ್. ಪೈಪಿನಲ್ಲಿ ನಿಂತ ತಣ್ಣೀರು ಸುಮಾರು 4 ಲೀಟರ್ ಮೊದಲು ಬರುತ್ತದೆ. ಅದನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು ಇಟ್ಟುಕೊಳ್ಳುತ್ತೇವೆ.