ಎಡಿಟ್ ಮಾಡಿದ ಕಾಂಡಕೋಶಗಳನ್ನು ಜೆಲ್‌ನಲ್ಲಿ ಬೆಳೆಸುವುದು

ಐಪಿಎಸ್ ಕಾಂಡಕೋಶಗಳಿಗೆ (ದೇಹದ ಸಾಮಾನ್ಯ ಕೋಶಗಳಿಂದ ಮಾಡಿದ, ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಕೋಶಗಳು) ಒಂಟಿತನ ಆಗಿಬರುವುದಿಲ್ಲ. ಕ್ರಿಸ್ಪರ್‌ನಿಂದ ಡಿಎನ್‌ಎ ತಿದ್ದಿದ ನಂತರ ಬಹಳಷ್ಟು ಸಾಯುವುದಕ್ಕೆ ಅದೂ ಕಾರಣ. ಡಿಎನ್‌ಎ ತುಂಡಾದಾಗ ಎಚ್ಚರಗೊಂಡು ಕೋಶವನ್ನು ಸಾಯಿಸಬಲ್ಲ ಪಿ53 ಎಂಬ ಪ್ರೋಟೀನ್ ಇನ್ನೊಂದು.

ಅಕ್ಯುಟೇಸ್ ಎಂಬ ಕಿಣ್ವದಲ್ಲಿ ಒಂದೊಂದಾಗಿ ಬಿಡಿಸಿದ 2 ಲಕ್ಷ ಕೋಶಗಳಿಗೆ, 20 ಮೈಕ್ರೋಲೀಟರ್ ದ್ರಾವಣದಲ್ಲಿ, ಡಿಎನ್‌ಎ ಕತ್ತರಿಸುವ ಕ್ಯಾಸ್9 ಮತ್ತು ಅದಕ್ಕೆ ಜಾಗ ತೋರಿಸುವ ಗೈಡ್ ಆರ್‌ಎನ್‌ಎಯನ್ನು ಎಲೆಕ್ಟ್ರೊಪೊರೇಷನ್‌ನಿಂದ (ವಿದ್ಯುತ್ ಮಿಡಿತದಿಂದ ಪೊರೆಯಲ್ಲಿ ರಂಧ್ರ ಮಾಡಿ) ಸೇರಿಸಿ. ಕೂಡಲೇ 10 ಮೈಕ್ರೋಮೋಲಾರ್ ವೈ-27632 (ಒಂಟಿ ಕೋಶ ಸಾಯದಂತೆ ತಡೆಯುವ ರಾಸಾಯನಿಕ) ಇರುವ ಮಾಧ್ಯಮಕ್ಕೆ ಹಾಕಿ. ಅದು 24 ಗಂಟೆ ಇದ್ದರೆ ಸಾಕು.

ಚೇತರಿಸಿಕೊಂಡ ಮೇಲೆ ಮತ್ತೆ ಬಿಡಿಸಿ, ವಿರಳವಾಗಿ ಮ್ಯಾಟ್ರಿಜೆಲ್ ಎಂಬ ಪ್ರೋಟೀನ್ ಜೆಲ್‌ಗೆ ಬೆರೆಸಿ, ವೈ-27632 ಮತ್ತೆ ಕೊಡಿ. ಜೆಲ್, ಟಿಪ್ ಎರಡೂ ತಣ್ಣಗಿರಲಿ, ಇಲ್ಲವಾದರೆ ಪಿಪೆಟ್‌ನೊಳಗೇ ಗಟ್ಟಿಯಾಗುತ್ತದೆ. 37 ಡಿಗ್ರಿಯಲ್ಲಿ ಜೆಲ್ ಹೆಪ್ಪುಗಟ್ಟಿ ಕೋಶಗಳನ್ನು ಇದ್ದಲ್ಲೇ ಹಿಡಿದಿಡುವುದರಿಂದ ಕ್ಲೋನ್‌ಗಳು (ಒಂದೊಂದು ಕೋಶದಿಂದ ಬೆಳೆದ ಗುಂಪುಗಳು) ಬೆರೆಯುವುದು ಕಡಿಮೆ. ದಟ್ಟವಾಗಿ ಬಿತ್ತಿದರೆ ಈ ಲಾಭವೇ ಇಲ್ಲ.

ಕೋಶಗಳ ಉಂಡೆ 300 ಮೈಕ್ರಾನ್ ದಾಟುವ ಮೊದಲೇ ಎತ್ತಿ. ದೊಡ್ಡದಾದರೆ ಆಮ್ಲಜನಕ ಸಾಲದೆ ನಡುಭಾಗ ಸಾಯುತ್ತದೆ. ಸೀಕ್ವೆನ್ಸಿಂಗ್ ಜೊತೆಗೆ 20ನೇ ವರ್ಣತಂತುವಿನ 20ಕ್ಯೂ11.21 ಭಾಗ ಇಮ್ಮಡಿಸಿದೆಯೇ ನೋಡಿ. ಹಾಗಾದ ಕೋಶ ಸಾಯದೆ ಉಳಿಯುವುದು ಹೆಚ್ಚು: ಚೆನ್ನಾಗಿ ಬದುಕುವ ಕ್ಲೋನ್ ಮೇಲೇ ಹೆಚ್ಚು ಅನುಮಾನವಿರಲಿ.